ಇಳಿದ ಮುಳ್ಳು

ಗುಡ್ಡದ ರಸ್ತೆ ಏರುತ್ತಿದ್ದಾಗ ನಮ್ಮ ಹಳೇ ವ್ಯಾನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕದಲ್ಲಿ ಕಂದಕ, ಹಿಂದೆ ಲಾರಿ. ನಿಲ್ಲಿಸಲು ಜಾಗವೇ ಇರಲಿಲ್ಲ. ಎಂಜಿನ್ನಿನ ಕಾವು ಸ್ವಲ್ಪವಾದರೂ ಹೊರಹೋಗಲೆಂದು ಹೀಟರ್ ಹಾಕಿದೆ.

"ಈ ಬಿಸಿಲಲ್ಲಿ ಹೀಟರಾ? ನಿಂಗೇನ್ ತಲೆ ಕೆಟ್ಟಿದ್ಯಾ?" ಎಂದು ಹಿಂದಿನ ಸೀಟಿನಿಂದ ಅತ್ತೆ ರೇಗಿದರು.

"ಸ್ವಲ್ಪ ಬಾಯ್ಮುಚ್ಕೊಂಡು ಕೂತ್ಕೊಳ್ಳಿ!" ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಸಲ ಹಾಗೆ ಅಂದೆ.

ತಿರುವಿನಲ್ಲಿ ಮುಳ್ಳು ಸರ್ರನೆ ಕೆಳಗಿಳಿಯಿತು. ಹೀಟರಿನಿಂದ ತಣ್ಣನೆಯ ಗಾಳಿ ಬೀಸಿತು.

"ಅಬ್ಬಾ, ಈಗ ಜೀವ ಬಂದಂಗಾಯ್ತು," ಎಂದರು ಅತ್ತೆ.

ನನಗೆ ಜೀವ ಬಾಯಿಗೆ ಬಂತು. ಹೀಟರಿಗೆ ಕಾವು ಕೊಡುವುದೇ ಎಂಜಿನ್ನನ್ನು ತಣಿಸುವ ನೀರು. ನೀರಿದ್ದರೆ ಆ ಗಾಳಿ ಸುಡಬೇಕಿತ್ತು. ಆ ಮುಳ್ಳಿಗೆ ಬಿಸಿ ಅಳೆಯಲು ಒಂದು ತೊಟ್ಟು ನೀರೂ ಉಳಿದಿರಲಿಲ್ಲ.