ಅತ್ತೆಯಿಂದ ಗಂಡನನ್ನು ಕಳೆದರೆ

ಸಂಜೆ ಕಾರು ತರುತ್ತೇನೆಂದು ಅಣ್ಣ ಬೆಳಗ್ಗೆಯೇ ಅವಳಿಗೆ ಫೋನು ಮಾಡಿದ್ದ. “ನಿನ್ನ ಗಂಡ ತೀರ್ಕೊಂಡು ವರ್ಷ ತುಂಬ್ತಾ ಬಂತು. ಇನ್ನೂ ಯಾವ ಸಂಬಂಧ ಅಂತ ಅಲ್ಲಿರ್ತೀಯ? ಬಟ್ಟೆಬರೆ ಕಟ್ಟಿಡು.”

ಅತ್ತೆಯನ್ನು ಕೇಳಿದರೆ ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ಹೋಗೋದಾದ್ರೆ ಹೋಗಮ್ಮ, ಇರೋದಾದ್ರೆ ಇರು,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು. ಅರ್ಧ ತುಂಬಿದ ಸೂಟ್‌ಕೇಸನ್ನು ಮಂಚದ ಮೇಲೆಯೇ ಬಿಟ್ಟು ಅವಳು ಕೆಲಸಕ್ಕೆ ಹೋದಳು.

ವಿಶ್ವವಿದ್ಯಾಲಯದ ಭಾಷಾ ಪ್ರಯೋಗಾಲಯದಲ್ಲಿ ಅವಳ ಕೆಲಸ. ಪತ್ರಿಕೆ, ಪುಸ್ತಕಗಳ ರಾಶಿಯನ್ನು ಕಂಪ್ಯೂಟರಿಗೆ ಓದಿಸಿ, ಒಂದೊಂದು ಪದಕ್ಕೂ ಅಂಕಿಗಳ ಒಂದು ಸಾಲು ಕೊಡಿಸುವುದು. ಪದದ ಅರ್ಥ ಕಂಪ್ಯೂಟರಿಗೆ ಗೊತ್ತಿಲ್ಲ. ಯಾವ ಪದ ಯಾರ ಜೊತೆ ಓಡಾಡುತ್ತದೆ ಎಂಬುದಷ್ಟೇ ಗೊತ್ತು. ಸಹವಾಸ ಒಂದೇ ಥರದ್ದಾದರೆ ಅಂಕಿಗಳೂ ಹತ್ತಿರ. ಅಂಕಿಯಾದ ಮೇಲೆ ಕೂಡಬಹುದು, ಕಳೆಯಬಹುದು. ರಾಜನಿಂದ ಗಂಡಸನ್ನು ಕಳೆದು ಹೆಂಗಸನ್ನು ಕೂಡಿದರೆ ರಾಣಿ ಬರುತ್ತಾಳೆ. ನೋಡಲು ಬಂದವರು ಚಪ್ಪಾಳೆ ತಟ್ಟುವುದು ಇದಕ್ಕೇ.

ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ಅವಳು ಲೆಕ್ಕ ಕೊಟ್ಟಳು: ಅತ್ತೆಯಿಂದ ಗಂಡನನ್ನು ಕಳೆ.

ನಾದಿನಿ ಬಂತು. ಆಮೇಲೆ ಚಿಕ್ಕಮ್ಮ, ಮುದುಕಿ, ನೆರೆಯವಳು. ನೆರೆಯವಳು ಎಂಬಲ್ಲಿ ಅವಳ ಕಣ್ಣು ನಿಂತಿತು. ಅಣ್ಣ ಹೇಳಿದ್ದೂ ಅದನ್ನೇ ಅಲ್ಲವೇ?

ಆಗ ನೆನಪಾಯಿತು. ಪ್ರಶ್ನೆಯಲ್ಲಿದ್ದ ಪದವನ್ನು ಉತ್ತರದಿಂದ ಕಿತ್ತುಹಾಕು ಎಂಬ ಆಜ್ಞೆಯೊಂದು ಲೆಕ್ಕದ ಒಳಗಿತ್ತು. ಈ ಕೆಲಸದವರೆಲ್ಲ ಹಾಕುವ ಆಜ್ಞೆ; ಇಲ್ಲಿ ಹಾಕಿದವಳು ಅವಳೇ. ಅದನ್ನು ಅಳಿಸಿ ಮತ್ತೆ ಕೇಳಿದಳು.

ಎಲ್ಲಕ್ಕಿಂತ ಮೇಲೆ ಬಂತು: ಅತ್ತೆ.

“ಇದೇನ್ರೀ!” ಹಿಂದಿನಿಂದ ಲೆಕ್ಕಾಚಾರಿಯ ದನಿ. ಪಕ್ಕದ ಮೇಜಿನವನಿಗೆ ಎಲ್ಲರೂ ಇಟ್ಟ ಹೆಸರು ಅದು. ಕೈಯಲ್ಲಿ ಅರ್ಧ ಬಾಳೆಹಣ್ಣಿತ್ತು. “ಆ ಆಜ್ಞೆ ತೆಗೆದುಬಿಟ್ರಾ? ಅತ್ತೆ ಕೊಟ್ಟು ಅತ್ತೇನೇ ವಾಪಸ್ ಇಸ್ಕೊಂಡ್ರೆ ಅದೆಂಥ ಲೆಕ್ಕ?”

“ಗಂಡನ್ನ ಕಳೆದಿದ್ದೀನಲ್ಲ.”

ಅವನು ಬಾಳೆಹಣ್ಣನ್ನು ಕೆಳಗಿಟ್ಟ. ಮೆಲ್ಲಗೆ ಹೇಳಿದ: “ಕಳೆದ್ರೂ ಅಷ್ಟೇ ಕಣ್ರೀ. ಒಂದು ಪದ ತೆಗೆದ ಮಾತ್ರಕ್ಕೆ ದೂರ ಏನೂ ಹೋಗಲ್ಲ. ಇದ್ದ ಜಾಗದ ಹತ್ತಿರಾನೇ ಇರತ್ತೆ.”

ಅವನು ಹೋದ ಮೇಲೆ ಇನ್ನೊಂದು ಪದ ಕೊಟ್ಟಳು. ಟಿಂಗಣ್ಣ. ಮನೆಯಲ್ಲಿ ಅತ್ತೆ ತಮ್ಮ ಮಗನನ್ನು ಕರೆಯುತ್ತಿದ್ದ ಹೆಸರು. ಅವಳೆದುರು ಕರೆದರೆ ಅವನಿಗೆ ಕಿವಿಯವರೆಗೂ ನಾಚಿಕೆ.

‘ಈ ಪದ ಇಲ್ಲ’ ಎಂದಿತು ಪರದೆ.

ಅಷ್ಟು ಪುಸ್ತಕ, ಅಷ್ಟು ಪತ್ರಿಕೆ ಓದಿದ ಕಂಪ್ಯೂಟರಿಗೂ ಗೊತ್ತಿಲ್ಲ. ಆ ಹೆಸರಿದ್ದದ್ದು ಒಂದೇ ಒಂದು ಬಾಯಲ್ಲಿ. ಆ ಬಾಯೂ ಮಗ ಹೋದಂದಿನಿಂದ ಅದನ್ನು ಆಡಿರಲಿಲ್ಲ. ಅವಳಿಗೆ ಅದನ್ನು ಕೇಳಬೇಕೆನಿಸಿತು. ಬಾಯಾರಿದವರಿಗೆ ನೀರು ಬೇಕೆನಿಸುವ ಹಾಗೆ.

ಮನೆಗೆ ಬಂದಾಗ ಅತ್ತೆ ಸೂಜಿಗೆ ದಾರ ಪೋಣಿಸಲಾಗದೆ ಗೊಣಗುತ್ತಿದ್ದರು. ಅವಳು ಪೋಣಿಸಿಕೊಟ್ಟು ಪಕ್ಕದಲ್ಲೇ ಕುಳಿತಳು.

“ಅತ್ತೆ, ಅವರಿಗೆ ಟಿಂಗಣ್ಣ ಅಂತ ಯಾಕೆ ಹೆಸರಿಟ್ರಿ?”

ಅತ್ತೆಯ ಕಾಲು ಪೆಡಲಿನ ಮೇಲೆ ನಿಂತಿತು. “ಈಗ್ಯಾಕೆ ಅದೆಲ್ಲ? ಹೊರಡೋ ಹೊತ್ತಲ್ಲಿ.”

“ಹೇಳಿ.”

“ಚಮಚ ಸಿಕ್ಕಿದ್ರೆ ಸಾಕು, ಕಂಡ ಪಾತ್ರೆಗೆಲ್ಲ ಟಿಂಗ್ ಅನ್ನಿಸೋನು. ಒಂದಿನ ಪಾತ್ರೆ ಸಿಗಲಿಲ್ಲ ಅಂತ ನಿಮ್ಮ ಮಾವನ ಬೋಳುತಲೆಗೇ ಕೊಟ್ಟ ನೋಡು…” ಅತ್ತೆ ನಕ್ಕರು. ನಗು ಅರ್ಧಕ್ಕೇ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೆಳಗೆ ಹಾರನ್ ಕೇಳಿಸಿತು. ಅವಳು ಎದ್ದು ಕಿಟಕಿಯಿಂದ ಬಗ್ಗಿದಳು. “ಅಣ್ಣ, ಮೇಲೆ ಬಾ, ಟೀ ಕುಡ್ಕೊಂಡು ಹೋಗು. ನಾನು ಬರಲ್ಲ.”

“ಏನೇ ಅದು, ಬೆಳಗ್ಗೆ ಒಂದು ಸಂಜೆ ಒಂದು!” ಎಂದು ಅಣ್ಣ ಕಾರಿನ ಬಾಗಿಲನ್ನು ದಢಾರನೆ ಹಾಕಿದ ಸದ್ದು.

ಅವಳು ಬಂದು ಮತ್ತೆ ಅತ್ತೆಯ ಪಕ್ಕ ಕುಳಿತಳು.

“ಇನ್ನೊಂದ್ಸಲ ಹೇಳಿ.”

“ಯಾವುದನ್ನೇ? ಬೋಳುತಲೆ ಕತೆನಾ?”

“ಅಲ್ಲ. ಸುಮ್ನೆ ಆ ಹೆಸರು ಹಿಡಿದು ಕರೀರಿ. ಅವರು ಒಳಗಡೆ ಇದ್ದಾರೆ ಅಂದ್ಕೊಂಡು.”