ಐದು ಮನೆಯ ಶ್ರುತಿ

ಹುಟ್ಟಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಉಸಿರೆಳೆದುಕೊಂಡದ್ದು. ನಾನೊಂದು ಶ್ರುತಿಪೆಟ್ಟಿಗೆ. ಹಾಡುವವರ ಪಕ್ಕದಲ್ಲಿ ಕೂತು ಒಂದೇ ಸಮನೆ ಸ್ವರ ಹಿಡಿದಿರುವುದು ನನ್ನ ಕೆಲಸ. ತೇಗದ ಮೈ, ಚರ್ಮದ ತಿದಿ, ಒಳಗೆ ಹಿತ್ತಾಳೆಯ ತೆಳು ನಾಲಿಗೆಗಳು, ಎದೆಯ ಮೇಲೆ ಸ್ವರಕ್ಕೊಂದರಂತೆ ಪುಟ್ಟ ಮುಚ್ಚಳಗಳು. ನನ್ನನ್ನು ಮಾಡಿದ ಮುದುಕ ತಿದಿಯನ್ನು ಮೆಲ್ಲಗೆ ಒತ್ತಿ, "ಹೂಂ, ಜೀವ ಬಂತು" ಎಂದ. ಜೋರಾಗಿ ಒತ್ತಿದರೆ ಕಿರುಚುತ್ತೇನೆ, ಹದವಾಗಿ ಒತ್ತಿದರೆ ಹಾಡುತ್ತೇನೆ. ಇಷ್ಟು ನನಗೆ ಅವತ್ತೇ ತಿಳಿಯಿತು.

ನನ್ನನ್ನು ಕೊಂಡವರು ಅರಸೀಕೆರೆಯ ಪುಟ್ಟರಂಗದಾಸರು. ಹರಿಕಥೆ ಮಾಡುತ್ತಿದ್ದರು. ಪಕ್ಕದಲ್ಲಿ ಕೂತು ನನ್ನ ತಿದಿ ಒತ್ತುತ್ತಿದ್ದವರು ಅವರ ಹೆಂಡತಿ ವೆಂಕಮ್ಮ. ಶ್ರುತಿಯ ಎತ್ತರವನ್ನು ನಮ್ಮಲ್ಲಿ ಮನೆ ಎಂದು ಎಣಿಸುತ್ತಾರೆ. ದಾಸರ ದನಿ ಒಂದು ಮನೆಯದು. ಮೈಕಿಲ್ಲದ ಊರುಗಳಲ್ಲಿ ಕೊನೆಯ ಸಾಲಿಗೂ ಕೇಳಲೆಂದು ಅವರು ಎರಡೂವರೆಗೆ ಏರಿಸಿ, ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದರು. ಗಂಟಲು ಎಷ್ಟು ದಿನ ತಡೆದೀತು? ಕೊನೆಯ ಎಂಟು ವರ್ಷ ಅವರಿಗೆ ಪಿಸುಮಾತು ಮಾತ್ರ ಉಳಿದಿತ್ತು. ನೀರು ಬೇಕೆಂದರೂ ವೆಂಕಮ್ಮ ತುಟಿ ನೋಡಿ ತಿಳಿದುಕೊಳ್ಳಬೇಕಿತ್ತು.

ದಾಸರು ಹೋದ ಮೇಲೆ ನಾನು ಸೊಸೆ ಜಲಜಾಕ್ಷಿಯ ಕೈಗೆ ಬಂದೆ. ಮಗಳು ನಳಿನಿ ಮತ್ತು ಉಳಿದ ಮಕ್ಕಳು ಏಳುವ ಮೊದಲು ಎದ್ದು, ಅಡುಗೆಮನೆಯ ಮೂಲೆಯಲ್ಲಿ ನನ್ನನ್ನು ಇಟ್ಟುಕೊಂಡು ಹಾಡುತ್ತಿದ್ದಳು. ರೇಡಿಯೋದಲ್ಲಿ ಹಾಡಬೇಕೆಂಬುದು ಅವಳ ಒಂದೇ ಆಸೆ. ಮೊದಲ ಸಲದ ಧ್ವನಿಪರೀಕ್ಷೆಯಲ್ಲಿ ಮೇಲಿನ ಸ್ವರ ಸೀಳಿ, ಅವಳ ಹೆಸರು ಬಿಟ್ಟುಹೋಯಿತು. ಎರಡನೆಯ ಸಲದ ಕಾಗದ ಬಂದ ದಿನ ನನ್ನ ಧೂಳು ಒರೆಸುತ್ತಾ, "ಈ ಸಲವೂ ಆಗದಿದ್ದರೆ ನಿನ್ನನ್ನು ಅಟ್ಟಕ್ಕೆ ಹಾಕ್ತೀನಿ. ನಾನೂ ಬಾಯಿ ಮುಚ್ಕೋತೀನಿ" ಎಂದಳು. ನನ್ನ ನಾಲಿಗೆಗಳು ತಣ್ಣಗಾದವು.

ಅವಳ ಮೇಷ್ಟ್ರು ಹೆಂಗಸರ ಕಂಠ ಆರು ಮನೆಯಲ್ಲೇ ಹೊಳೆಯಬೇಕು ಎನ್ನುವವರು. ದಿನವೂ ಆರು ಮನೆ. ಹಾಡು ಮುಗಿಯುವಷ್ಟರಲ್ಲಿ ಅವಳ ದನಿ ಗೊಗ್ಗರಾಗುತ್ತಿತ್ತು. ಬಿಸಿನೀರು ಕುಡಿದು ಮತ್ತೆ ಅದೇ ಆರು ಮನೆ. ಒಲೆಯ ಮುಂದೆ ಕೂತ ವೆಂಕಮ್ಮನ ಮುಖ ಬಿಗಿಯುವುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅವರಿಗೆ ತಡೆಯಲಾಗಲಿಲ್ಲ.

"ಭುಜ ಯಾಕೆ ಎತ್ತುತೀಯೇ? ತಲೆ ಮೇಲೆ ಕೊಡ ಹೊತ್ತಿದೀಯಾ?" ಎಂದು ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟರು. "ಇಲ್ಲಿಂದ ತೆಗಿ ಉಸಿರು. ಆ ತಿದಿ ನೋಡು, ತುಂಬ್ಕೊಳೋದು ಒಂದೇ ಸಲ, ಬಿಡೋದು ಚೂರು ಚೂರು. ಆಮೇಲೆ, ಶ್ರುತಿ ಐದಕ್ಕೆ ಇಳಿಸು."

"ಅತ್ತೆ, ಮೇಷ್ಟ್ರು ಒಪ್ಪಲ್ಲ. ಅರ್ಜಿಯಲ್ಲೂ ಆರು ಮನೆ ಅಂತ ಬರೆದಾಗಿದೆ."

"ಮೇಷ್ಟ್ರ ಗಂಟಲು ಮೇಷ್ಟ್ರ ಹತ್ರ ಇರತ್ತೆ, ನಿನ್ನದು ನಿನ್ನ ಹತ್ರ. ಹಿತ್ತಲಲ್ಲಿ ನಿಂತು ನಳಿನೀನ ಊಟಕ್ಕೆ ಕರೀತೀಯಲ್ಲ, ಆ ದನಿ ಎಂದಾದ್ರೂ ಒಡೆದಿದ್ಯಾ? ಅದು ಐದು ಮನೇದು."

"ಇಳಿಸಿಕೊಂಡ್ರೆ ಸೋತ ಹಾಗಲ್ವಾ ಅತ್ತೆ?"

ವೆಂಕಮ್ಮ ಗೋಡೆಯ ಮೇಲಿದ್ದ ದಾಸರ ಪಟದ ಕಡೆ ಒಮ್ಮೆ ನೋಡಿ, ಒಲೆಗೆ ಸೌದೆ ತಳ್ಳಿದರು.

ಪರೀಕ್ಷೆಯ ದಿನ ತಿದಿ ಒತ್ತಲು ಅವರೇ ಹೊರಟರು. ರೈಲಿನಲ್ಲಿ ನಾನು ಅವರ ತೊಡೆಯ ಮೇಲಿದ್ದೆ. ಜಲಜಾಕ್ಷಿ ತಿಂಡಿ ಮುಟ್ಟಲಿಲ್ಲ. ರೇಡಿಯೋ ಕೇಂದ್ರದಲ್ಲಿ ಅವಳಿಗೆ ಹೆಸರಿನ ಬದಲು ಒಂದು ನಂಬರು ಕೊಟ್ಟರು. ಒಳಗಿನ ಕೋಣೆಯಲ್ಲಿ ದಪ್ಪ ಬಾಗಿಲು ಮುಚ್ಚಿದಾಗ ಹೊರಗಿನ ಸದ್ದೆಲ್ಲ ಕತ್ತರಿಸಿದಂತೆ ನಿಂತುಹೋಯಿತು. ಕೇಳುವವರು ಯಾರೂ ಕಾಣರು. ಗೋಡೆಯ ಡಬ್ಬಿಯಿಂದ ಒಂದು ದನಿ ಮಾತ್ರ ಬಂತು: "ನಂಬರ್ ಹನ್ನೊಂದು, ಕೆಂಪು ದೀಪ ಹತ್ತಿದ ಮೇಲೆ ಶುರು ಮಾಡಿ."

ದೀಪ ಹತ್ತಿತು. ವೆಂಕಮ್ಮ ಒತ್ತಿದರು, ನಾನು ಆರು ಮನೆಯಲ್ಲಿ ದನಿ ತೆಗೆದೆ. ಮೊದಲ ಸಾಲು ದಾಟಿತು. ಎರಡನೆಯ ಸಾಲು ಮೇಲಕ್ಕೆ ಹತ್ತುತ್ತಿದ್ದಂತೆ ಅವಳ ಭುಜ ಎದ್ದಿತು, ಕತ್ತಿನ ನರ ಉಬ್ಬಿತು. ಆ ನರವನ್ನು ನಾನು ಮೊದಲೇ ನೋಡಿದ್ದೆ, ದಾಸರ ಕತ್ತಿನಲ್ಲಿ. ಸ್ವರ ಸಣ್ಣಗೆ ಸೀಳಿತು.

ಅವಳು ನಿಲ್ಲಿಸಿಬಿಟ್ಟಳು.

ಕೆಂಪು ದೀಪ ಉರಿಯುತ್ತಲೇ ಇತ್ತು. ಕೋಣೆಯಲ್ಲಿ ನನ್ನ ಉಸಿರೊಂದೇ. ಇನ್ನು ಎದ್ದು ಹೊರಡುತ್ತಾಳೆ, ನನಗೆ ಅಟ್ಟವೇ ಗತಿ ಎಂದುಕೊಂಡೆ.

"ಕ್ಷಮಿಸಿ," ಎಂದಳು ಕಾಣದವರಿಗೆ. "ಅರ್ಜಿಯಲ್ಲಿ ಆರು ಅಂತ ಬರೆದಿದೀನಿ. ನನ್ನ ದನಿ ಐದು ಮನೇದು. ಇಳಿಸ್ಕೊಂಡು ಮೊದಲಿಂದ ಹಾಡ್ಲಾ?"

ವೆಂಕಮ್ಮನ ಬೆರಳು ಆಗಲೇ ನನ್ನ ಎದೆಯ ಮೇಲಿತ್ತು, ಒತ್ತಲಿಲ್ಲ, ಕಾದಿತ್ತು.

"ಹಾಡಿ," ಎಂದಿತು ದನಿ.

ಎರಡು ಮುಚ್ಚಳ ಮುಚ್ಚಿ ಎರಡು ತೆರೆಯುವುದಕ್ಕೆ ಎಷ್ಟು ಹೊತ್ತು! ಜಲಜಾಕ್ಷಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು: "ನಳಿನೀ, ಊಟಕ್ಕೆ ಬಾರೇ." ಹೊಟ್ಟೆ ತುಂಬ ಉಸಿರು ಎಳೆದುಕೊಂಡು, ಚೂರು ಚೂರೇ ಬಿಟ್ಟಳು. ಎರಡನೆಯ ಸಾಲು ಹತ್ತಿತು. ಭುಜ ಇದ್ದಲ್ಲೇ ಇತ್ತು. ಮೇಲಿನ ಸ್ವರದಲ್ಲಿ ಅವಳು ನಿಂತಳು, ನಿಂತೇ ಇದ್ದಳು. ಅವಳ ದನಿ ಎಲ್ಲಿ, ನನ್ನದೆಲ್ಲಿ ಎಂದು ನನಗೇ ತಿಳಿಯಲಿಲ್ಲ. ವೆಂಕಮ್ಮನ ಕಣ್ಣೀರಿನ ಒಂದು ಹನಿ ನನ್ನ ತೇಗದ ಮೇಲೆ ಬಿತ್ತು. ಆ ಕಲೆ ಈಗಲೂ ಇದೆ.

ಆಯ್ಕೆಯಾದ ಕಾಗದ ಬಂದದ್ದು ಎರಡು ತಿಂಗಳ ಮೇಲೆ. ಓದಿ ಹೇಳಿದಾಗ ವೆಂಕಮ್ಮ, "ಸರಿ, ಅನ್ನ ಸೀಯ್ತಾ ಇದೆ ನೋಡು" ಎಂದಷ್ಟೇ ಅಂದರು.

ವೆಂಕಮ್ಮ ಈಗ ಇಲ್ಲ. ನನ್ನ ತಿದಿ ಹರಿದಿದೆ. ನನ್ನ ಜಾಗದಲ್ಲಿ ಕರೆಂಟಿನ ಪುಟ್ಟ ಪೆಟ್ಟಿಗೆಯೊಂದು ಆಯಾಸವಿಲ್ಲದೆ ಹಾಡುತ್ತದೆ. ಆದರೂ ನಾನು ಅಟ್ಟದಲ್ಲಿಲ್ಲ, ಜಲಜಾಕ್ಷಿ ಪಾಠ ಹೇಳುವ ಕೋಣೆಯ ಕಿಟಕಿಯ ಪಕ್ಕದಲ್ಲಿದ್ದೇನೆ. ಹೊಸದಾಗಿ ಸೇರಿದ ಮಕ್ಕಳು ಬಿಗಿದುಕೊಂಡು ಕೂತಾಗ ಅವಳು ಶ್ರುತಿ ಹಾಕುವುದಿಲ್ಲ. ನರೆತ ತಲೆಯನ್ನು ಅವರತ್ತ ಬಾಗಿಸಿ, "ಬೀದಿ ಕೊನೇಲಿ ನಿಮ್ಮಮ್ಮ ಹೋಗ್ತಾ ಇದಾಳೆ ಅಂದ್ಕೋ. ಎಲ್ಲಿ, ಕೂಗಿ ಕರಿ ನೋಡೋಣ" ಎನ್ನುತ್ತಾಳೆ.

ಮಗು ಕರೆಯುತ್ತದೆ. ಆ ದನಿ ಎಷ್ಟು ಮನೆಯದೆಂದು ಅವಳಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹರಿದ ತಿದಿಯೊಳಗೆ ಯಾವುದೋ ನಾಲಿಗೆ ಸಣ್ಣಗೆ ಮಿಡಿಯುತ್ತದೆ.