ಒಂದು ಬಿಟ್ಟು ಒಂದು ಜೋಡಣೆ

ಕೊಟ್ಟೂರೇಶನ ಮನೆಯಲ್ಲಿ ಇದ್ದದ್ದು ಒಂದೇ ರೆಕಾರ್ಡ್ ಪ್ಲೇಯರ್. ಒಂದು ಹಾಡು ಮುಗಿಯಬೇಕು, ಅವನು ಎದ್ದು ರೆಕಾರ್ಡ್ ತೆಗೆಯಬೇಕು, ಇನ್ನೊಂದನ್ನು ಇಟ್ಟು ಮುಳ್ಳು ಇಳಿಸಬೇಕು. ಅಷ್ಟರಲ್ಲಿ ಮನೆ ಬಿಕೋ ಅನ್ನುತ್ತಿತ್ತು. ಮದುವೆ ಮಕ್ಕಳು ಅಂತ ಏನೂ ಇಲ್ಲದ, ಐವತ್ತು ದಾಟಿದ ಗಂಡಸಿಗೆ ದಿನಾ ಸಂಜೆ ಅದೇ ಪಾಡು. ಪ್ಲೇಯರ್ ಒಂದೇ ಉಳಿದ ತಪ್ಪಿನಲ್ಲಿ ಅರ್ಧ ಪಾಲು ಅವನದೇ. ಹಾಗಂತ ಅವನ ಬಾಯಿಂದ ಹೇಳಿಸುವುದು ಬ್ರಹ್ಮ ಬಂದರೂ ಆಗದ ಕೆಲಸ.

ಮೊದಲು ಪ್ಲೇಯರ್ ಎರಡಿದ್ದವು, ಮನುಷ್ಯರೂ ಇಬ್ಬರಿದ್ದರು. ಹರಿಹರದ ಅಂಜನಕುಮಾರನೂ ಇವನೂ ಸೇರಿ ದಾವಣಗೆರೆಯ ಮದುವೆಗಳಿಗೆ, ಮೆರವಣಿಗೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದರು. ಹಾಡು ಎಲ್ಲೂ ನಿಲ್ಲದ ಹಾಗೆ ಒಂದರ ಬಾಲಕ್ಕೆ ಇನ್ನೊಂದನ್ನು ಕೂಡಿಸುವುದು ಅವರ ಹೆಚ್ಚುಗಾರಿಕೆ. ಹಳೇ ರೇಷ್ಮೆ ಸೀರೆಯಲ್ಲಿ ದುಂಡಗೆ ಕತ್ತರಿಸಿದ ಬಟ್ಟೆಯನ್ನು ರೆಕಾರ್ಡಿನ ಕೆಳಗೆ ಹಾಸುತ್ತಿದ್ದರು. ಕೆಳಗಿನ ತಟ್ಟೆ ತಿರುಗುತ್ತಲೇ ಇರುತ್ತಿತ್ತು, ಮೇಲಿನ ರೆಕಾರ್ಡನ್ನು ಬೆರಳು ಒತ್ತಿ ಹಿಡಿದಿರುತ್ತಿದ್ದರು. ತಾಳ ಸೇರುವ ಹೊತ್ತಿಗೆ ಬೆರಳು ಬಿಟ್ಟರೆ ಹಾಡಿಗೆ ಹಾಡು ಕೂಡಿತು. ಒಂದು ಸಲ ಇವನ ಸರದಿ, ಮುಂದಿನ ಸಲ ಅವನದು. ಅಂಜನ ಯಾವಾಗಲೂ ಕೂದಲೆಳೆಯಷ್ಟು ತಡವಾಗಿ ಬಿಡುತ್ತಿದ್ದ, ಎದುರಿಗೆ ಕೂತವನ ಎಲೆಗೂ ಅನ್ನ ಬೀಳಲಿ ಅಂತ ಕಾಯುವವನ ಹಾಗೆ. ಅಷ್ಟರಲ್ಲಿ ಕುಣಿಯುವವರ ಕಾಲು ಗಾಳಿಯಲ್ಲೇ ಒಂದಿಷ್ಟು ನಿಂತು ಆಮೇಲೆ ನೆಲಕ್ಕೆ ಬೀಳುತ್ತಿತ್ತು.

ತೊಂಬತ್ತೈದರಲ್ಲಿ ಇಬ್ಬರಿಗೂ ಜಗಳವಾಯಿತು. ಅಂಜನನ ತಂಗಿ ಮೀನಾಕ್ಷಿ ಹರಿಹರದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದಳು, ಒಂದು ಹಳೇ ಕಂಪ್ಯೂಟರ್ ತರಿಸಿದ್ದಳು. "ಇನ್ನು ಹಾಡು ಜೋಡಿಸೋದು ಇದ್ರಾಗೇ ಬರುತ್ತಂತೆ ಕೊಟ್ರಾ, ಕಲಿಯೋಣ ಬಾರೋ," ಅಂದ ಅಂಜನ. ಕೊಟ್ಟೂರೇಶನಿಗೆ ಸಿಟ್ಟು ನೆತ್ತಿಗೇರಿತು.

"ತಪ್ಪಿದ್ರೆ ನಾಕು ಮಂದಿ ಮುಂದೆ ಮಾನ ಹೋಗ್ಬೇಕು. ಆ ಭಯ ಇಲ್ದಿದ್ದು ಕಲೆ ಅಲ್ಲಲೇ, ಟೈಪಿಂಗು! ನಿನ್ ತಂಗಿ ಜೊತೆ ಕೂತು ಬಡ್ಕೋ ಹೋಗು."

ತಂಗಿಯ ಹೆಸರು ಎತ್ತಿದ ಮೇಲೆ ಮಾತು ಉಳಿಯಲಿಲ್ಲ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ತಲಾ ಒಂದು ಪ್ಲೇಯರ್, ಅರ್ಧರ್ಧ ರೆಕಾರ್ಡ್ ಹಂಚಿಕೊಂಡರು. ಒಂದೇ ಪ್ಲೇಯರಿನಲ್ಲಿ ಜೋಡಣೆ ಆಗುವುದಿಲ್ಲ ಅನ್ನುವುದು ಆ ಸಿಟ್ಟಿನಲ್ಲಿ ಇಬ್ಬರು ಶಾಣ್ಯಾರಿಗೂ ಹೊಳೆಯಲಿಲ್ಲ!

ಆಮೇಲೆ ಹರಿಹರದ ಬಸ್ಸು ಕಣ್ಣ ಮುಂದೆಯೇ ಹೋಗುತ್ತಿತ್ತು, ಕೊಟ್ಟೂರೇಶ ಹತ್ತುತ್ತಿರಲಿಲ್ಲ. ಹೋಗಬೇಕು ಅಂತ ಜೀವ ಎಳೆಯುತ್ತಿತ್ತು. ಬರೀ ಒಂದು ನೆಪ ಬೇಕಾಗಿತ್ತು.

ತೊಂಬತ್ತೆಂಟರ ಗಣಪತಿ ಹಬ್ಬದಲ್ಲಿ ಆ ನೆಪ ಸಿಕ್ಕಿತು. ಓಣಿಯ ತರುಣ ಸಂಘದವರು ಜೋಡಣೆ ಹಾಡಿನ ಪಂದ್ಯ ಇಟ್ಟರು. ಗೆದ್ದ ಕ್ಯಾಸೆಟ್ಟನ್ನು ವಿಸರ್ಜನೆಯ ಮೆರವಣಿಗೆಯಲ್ಲಿ ಊರೆಲ್ಲ ಕೇಳಬೇಕು. ತೀರ್ಪು ಕೊಡಲು ಸಂಘದ ಅಧ್ಯಕ್ಷ ಕುಬೇರಪ್ಪ ಕೊಟ್ಟೂರೇಶನನ್ನೇ ಕರೆದ. ವಿಸರ್ಜನೆಯ ದಿನ ಬೆಳಿಗ್ಗೆ ಪೆಂಡಾಲಿನಲ್ಲಿ ಟೇಪ್‌ರೆಕಾರ್ಡರ್ ಮುಂದೆ ಎಲ್ಲರೂ ಕೂತರು. ಕೊನೆಗೆ ಉಳಿದ ಕ್ಯಾಸೆಟ್ಟಿನ ಮೇಲೆ ಕಳಿಸಿದವರ ಹೆಸರೇ ಇರಲಿಲ್ಲ.

ಮೊದಲ ಜೋಡಣೆ ಬಂತು. ಕೊಟ್ಟೂರೇಶ ಟೇಪ್‌ರೆಕಾರ್ಡರಿಗೆ ಕಿವಿ ಹಚ್ಚಿದ. ಕೂದಲೆಳೆಯಷ್ಟು ತಡ. ಆ ತಡ ಈ ಭೂಮಿಯ ಮೇಲೆ ಇನ್ಯಾರಿಗೂ ಬರುವಂಥದ್ದಲ್ಲ.

"ಇದು ಕಂಪ್ಯೂಟರ್‌ನಾಗೆ ಮಾಡಿದ್ದು ಕಣ್ರಿ ಅಣ್ಣಾರೆ. ಮುಳ್ಳಿನ ಗರಗರ ಎಲ್ಲೈತೆ ಕೇಳ್ರಿ," ಅಂದ ಕುಬೇರಪ್ಪ. "ಆದ್ರೂ ಸೊಗಸಾಗೈತೆ. ಕುಣಿಯೋ ಕಾಲಿಗೆ ಯಾವ್ದ್ರಾಗೆ ಮಾಡಿದ್ರೇನು?"

ಕಂಪ್ಯೂಟರ್ ಅಂದದ್ದೇ ತಡ, ಕೊಟ್ಟೂರೇಶನ ತಲೆ ಕೆಟ್ಟಿತು. ಕಂಪ್ಯೂಟರಿಗೆ ಅಂಜನನ ಬೆರಳು ಎಲ್ಲಿಂದ ಬರಬೇಕು? ಯಾರೋ ಖದೀಮರು ತಮ್ಮಿಬ್ಬರ ಹಳೇ ಮದುವೆ ಕ್ಯಾಸೆಟ್ಟಿನಿಂದ ಎತ್ತಿ, ತೊಳೆದು, ತಮ್ಮದೆಂದು ಕಳಿಸಿದ್ದಾರೆ! ಅವನು ಮೈಕ್ ಕಿತ್ತುಕೊಂಡ.

"ಇದು ಕಳ್ಳ ಮಾಲು! ಹರಿಹರದ ಅಂಜನಕುಮಾರನ ಕೈಯಿ ಇದು, ನಾ ಕಣ್ಣು ಮುಚ್ಚಿ ಹೇಳ್ತೀನಿ. ಅದೂ ಆ ಕಳ್ಳ ನೆಟ್ಟಗೆ ಕದ್ದಿಲ್ಲ. ಒಂದು ಬಿಟ್ಟು ಒಂದು ಜೋಡಣೆ ಕೆಡಿಸ್ಯಾನೆ. ಮುಂಚೇನೇ ನುಗ್ತಾನೆ, ಹಸಿದ ನಾಯಿ ಹಂಗೆ. ಇದು ಬ್ಯಾಡ, ತೆಗೀರಿ."

ಕ್ಯಾಸೆಟ್ಟನ್ನು ತೆಗೆದರು. ಬೇರೆಯದಕ್ಕೆ ಬಹುಮಾನ ಹೋಯಿತು.

ಮಧ್ಯಾಹ್ನದ ಬಸ್ಸಿನಲ್ಲಿ ಕೊಟ್ಟೂರೇಶ ಹರಿಹರಕ್ಕೆ ಹೊರಟ. ಕಿಟಕಿಯ ಪಕ್ಕ ಕೂತು ಒಬ್ಬನೇ ನಗುತ್ತಿದ್ದ. ನಿನ್ನ ಮಾನ ಕಾಪಾಡಿ ಬಂದೆ ಕಣೋ ಅನ್ನಬೇಕು, ಅವನು ಬೈಯಬೇಕು, ಮೀನಾಕ್ಷಿ ಚಹಾ ತರಬೇಕು, ಅಲ್ಲಿಗೆ ಎಲ್ಲ ಸರಿಹೋಗಬೇಕು. ಇಷ್ಟು ಸಸಾರದ ಕೆಲಸಕ್ಕೆ ಮೂರು ವರ್ಷ ಯಾಕೆ ಹಿಡಿಯಿತೋ ಅಂತ ತನ್ನನ್ನೇ ಬೈದುಕೊಂಡ.

ಬಾಗಿಲು ತೆಗೆದವಳು ಮೀನಾಕ್ಷಿ. "ಬರ್ರಿ ಕೊಟ್ರೇಶಣ್ಣ," ಅಂದಳು. ಮುಖದಲ್ಲಿ ನಗು ಇರಲಿಲ್ಲ. "ಕ್ಯಾಸೆಟ್ ಕೇಳಿ ಬಂದ್ರೇನು? ನಾನೇ ಬಂದು ಸಂಘದೋರಿಗೆ ಕೊಟ್ಟು ಹೋಗಿದ್ದೆ."

ಕೊಟ್ಟೂರೇಶ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಒಳಗೆ ಕಂಪ್ಯೂಟರಿನ ಮುಂದೆ ಅಂಜನ ಕೂತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಲಕ್ವ ಹೊಡೀತು ಕಣೋ, ಎರಡು ವರ್ಷ ಆತು," ಅಂದ ಅಂಜನ. "ರೆಕಾರ್ಡ್ ಹಿಡಿಯೋ ಕೈಯೇ ಹೋತು. ಎಡಗೈಯಾಗೆ ಇದನ್ನ ಕಲ್ತೆ. ಒಂದು ಜೋಡಣೆ ಕೂಡಕ್ಕೆ ವಾರ ಹಿಡೀತಿತ್ತು. ನಾಕು ಮಂದಿ ಮುಂದೆ ಮಾನ ಹೋಗಲ್ಲ ಇದ್ರಾಗೆ, ನೀ ಹೇಳಿದ್ದು ಖರೆ. ತಪ್ಪಿದ್ರೆ ನಗೋಕೂ ಒಬ್ರು ಇರಲ್ಲ."

"ನಂಗ್ಯಾಕ ಹೇಳ್ಕಳಿಸಲಿಲ್ಲ?"

"ಹೇಳ್ಕಳಿಸಿದ್ನಲ್ಲ. ತೀರ್ಪು ನಿಂದು ಅಂತ ಗೊತ್ತಾತು, ಕಳಿಸ್ದೆ. ಹೆಸರು ಬ್ಯಾಡ ಅಂದೆ, ಗುರುತು ಹಿಡೀತೀಯೇನೋ ನೋಡೋಣ ಅಂತ. ಹಿಡಿದ್ಯಾ?"

"ಹಿಡಿದೆ," ಅಂದ ಕೊಟ್ಟೂರೇಶ. "ಒಂದೇ ಜೋಡಣೆಗೆ ಹಿಡಿದೆ." ಆಮೇಲೆ ಪೆಂಡಾಲಿನಲ್ಲಿ ಆದದ್ದನ್ನೆಲ್ಲ ಹೇಳಿದ. ಕಳ್ಳ ಮಾಲು ಅಂದದ್ದನ್ನೂ, ಹಸಿದ ನಾಯಿ ಅಂದದ್ದನ್ನೂ ಬಿಡಲಿಲ್ಲ.

ಅಂಜನ ಕಂಪ್ಯೂಟರಿನ ಕಡೆ ತಿರುಗಿ ಕೂತ.

"ಕೆಟ್ಟಾವೆ ಅಂದ್ಯಲ್ಲ, ಅವು ನಿನ್ನವು ಕಣೋ," ಅಂದ. "ಒಂದು ನನ್ನ ಸರದಿ, ಒಂದು ನಿಂದು. ನಿನ್ನ ಸರದಿ ಬಂದಾಗೆಲ್ಲ ಕೊಟ್ರ ಇದ್ದಿದ್ರೆ ಹೆಂಗೆ ಬಿಡ್ತಿದ್ದ ಅಂತ ನೆನಸ್ಕೊಂಡು ಅಷ್ಟೇ ಮುಂಚೆ ಇಟ್ಟೀನಿ. ಮೊದ್ಲಿಂದ್ಲೂ ಅವಸರ ನಿಂದು. ಒಬ್ನೇ ಮಾಡೋಕೆ ಬ್ಯಾಸರ ಆಗ್ತಿತ್ತು."

ಕೊಟ್ಟೂರೇಶ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತ. ಅಂಜನನ ಬೆರಳನ್ನು ಅಷ್ಟು ಬೇಗ ಹಿಡಿದ ಕಿವಿಗೆ ತನ್ನ ಬೆರಳಿನ ಗುರುತು ಸಿಕ್ಕಿರಲಿಲ್ಲ.

"ಇನ್ನೊಂದು ಸಲ ಹಾಕು," ಅಂದ.

ಅಂಜನ ಎಡಗೈಯಿಂದ ಹಾಡು ಹಾಕಿದ. ಮೊದಲ ಜೋಡಣೆ ತಡವಾಗಿ ಬಂತು. ಎರಡನೆಯದು ಬರುವ ಮುಂಚೆ ಕೊಟ್ಟೂರೇಶನ ತೋರುಬೆರಳು ತೊಡೆಯ ಮೇಲಿಂದ ತಾನೇ ಎದ್ದಿತು, ಹಾಡೂ ಅದರ ಜೊತೆಗೇ ನುಗ್ಗಿತು.

"ಮೆರವಣಿಗೆ ಇಷ್ಟೊತ್ತಿಗೆ ಹೊರಟಿರ್ಬೇಕಲ್ಲ?" ಅಂದ ಅಂಜನ.

"ಹೂಂ. ಹೊರಟಿರುತ್ತೆ, ಬ್ಯಾರೆಯೋರ ಕ್ಯಾಸೆಟ್ ಹಾಕ್ಕೊಂಡು."